ಅಕ್ಷರದ ಗಾತ್ರಕ್ಕೆ ನಾನು ಹಾಕಿದ್ದ ಬೀಗ

ಮಾರ್ಚ್ 14, ಬೆಳಿಗ್ಗೆ 6:40

ಅಕ್ಕಾ,

ಕಣ್ಣು ಸೋತಿತು, ಇನ್ನು ಕರಡು ತಿದ್ದುವ ಕೆಲಸ ಬೇಡ ಅಂತ ಪ್ರೆಸ್ಸಿನವರಿಗೆ ಫೋನ್ ಮಾಡಬೇಡ. ತಪ್ಪು ನನ್ನದು.

ಕಾಲೇಜಿನ ಲ್ಯಾಬಿನ ಕಂಪ್ಯೂಟರುಗಳಲ್ಲಿ ವಿದ್ಯಾರ್ಥಿಗಳು ಪರದೆ ಕೆಡಿಸದಿರಲೆಂದು ಲಿನಕ್ಸ್ ಸೆಟ್ಟಿಂಗುಗಳಿಗೆಲ್ಲ, ಯಾರೂ ಬದಲಿಸಲಾಗದಂತೆ, ಒಂದು ಫೈಲಿನಲ್ಲಿ ಬರೆದು ಬೀಗ ಹಾಕಿರುತ್ತೇನೆ. ಮನೆಯ ಕಂಪ್ಯೂಟರಿನಲ್ಲಿ ನಮ್ಮಿಬ್ಬರ ಖಾತೆ ತೆರೆಯುವಾಗ ಸೋಮಾರಿತನದಿಂದ ಅದೇ ಫೈಲನ್ನು ನಕಲು ಮಾಡಿಬಿಟ್ಟೆ. ಅಕ್ಷರದ ಗಾತ್ರಕ್ಕೂ ಬೀಗ ಬಿತ್ತು. ನೀನು ಎಷ್ಟು ಒತ್ತಿದರೂ ಅದು ದೊಡ್ಡದಾಗುವಂತೆಯೇ ಇರಲಿಲ್ಲ.

"ಬಾರೋ, ಇದು ನನ್ನ ಮಾತೇ ಕೇಳಲ್ವಲ್ಲೋ" ಅಂತ ನೀನು ಎರಡು ತಿಂಗಳು ಕರೆದೆ. ನಾನು "ನಿನ್ ಕೈಲಾಗಲ್ಲ ಬಿಡಕ್ಕ" ಅಂದೆನೇ ಹೊರತು ಎದ್ದು ಬಂದು ನೋಡಲಿಲ್ಲ. ನಿನ್ನೆ ನೀನು ಭೂತಗನ್ನಡಿ ಹಿಡಿದು ಪರದೆಗೆ ಬಾಗಿದ್ದು ಕಂಡ ಮೇಲೆ, ನೀನು ಮಲಗಿದಾಗ ಆ ಫೈಲು ತೆರೆದು ನೋಡಿದೆ. ಕರಡಿನಲ್ಲಿ ಬಿಟ್ಟುಹೋದ ಸೊನ್ನೆಯನ್ನೂ ಹಿಡಿಯುವವಳು, ನನ್ನ ತಪ್ಪನ್ನು ನಿನ್ನದೇ ಅಂದುಕೊಂಡೆಯಲ್ಲ!

ಬೀಗ ತೆಗೆದಿದ್ದೇನೆ. ಒಮ್ಮೆ ಲಾಗೌಟ್ ಮಾಡಿ ಮತ್ತೆ ಒಳಗೆ ಹೋಗು. ಈಗ ನಾನಿಟ್ಟ ಗಾತ್ರ ಆರಂಭಕ್ಕೆ ಮಾತ್ರ; ಬೇಕಾದ ಹಾಗೆ ನೀನೇ ಬದಲಿಸಿಕೋ.

ಹಾಲು ಒಲೆಯ ಮೇಲಿದೆ, ಕಾಯಿಸಿಲ್ಲ. ಭೂತಗನ್ನಡಿ ನನ್ನ ಮೇಜಿನ ಮೇಲಿಡು, ನನಗೇ ಬೇಕು. ಸಂಜೆ ಬಂದು ಬೈಸಿಕೊಳ್ಳುತ್ತೇನೆ.

ನಿನ್ನ ಪರದೆಯ ಅಕ್ಷರ ಈಗ ಮೊದಲಿನದರ ಒಂದೂವರೆ ಪಟ್ಟು ಇದೆ.