ಫಿರಂಗಿ ದಳದವರಿಗೆ ಚಪ್ಪಾಳೆ

ಅಪ್ಪಾ,

ನೀನು ಹೋದ ಮೇಲೆ ಮೊದಲ ಸಲ, ನಾನು ಪಾಠ ಮಾಡುವ ಶಾಲೆಯಲ್ಲಿ ಇವತ್ತು ಮಾಜಿ ಸೈನಿಕರ ಸನ್ಮಾನ ಆಯಿತು. ನಿನ್ನ ಫಿರಂಗಿ ದಳದ ಗೆಳೆಯರೆಲ್ಲ ಬಂದಿದ್ದರು. ನಿನ್ನ ಹಾಗೇ ಅವರೂ ಫಿರಂಗಿ ಸದ್ದಿಗೆ ಕಿವಿ ಕಳೆದುಕೊಂಡವರು; ಪಕ್ಕದವನಿಗೆ ಗುಟ್ಟು ಹೇಳಿದರೂ ಗೇಟಿನವರೆಗೆ ಕೇಳುತ್ತೆ.

ಹೋದ ವರ್ಷ ವೇದಿಕೆಯಿಂದ ಇಳಿಯುತ್ತಾ ನೀನು "ಯಾರಾದರೂ ಚಪ್ಪಾಳೆ ತಟ್ಟಿದರೇನಮ್ಮಾ?" ಅಂತ ಕೇಳಿದ್ದೆ. ನಾನು ಹೂಂ ಅಂತ ತಲೆಯಾಡಿಸಿ, ಬಸ್ಸು ತಪ್ಪುತ್ತೆ ಅಂತ ಅವಸರ ಮಾಡಿದ್ದೆ.

ಈ ಸಲ ಹೆಡ್‌ಮಾಸ್ಟರು "ಜೋರಾಗಿ ಚಪ್ಪಾಳೆ" ಅಂದಾಗ ನನ್ನ ತರಗತಿಯ ಮಕ್ಕಳು ತಟ್ಟಲಿಲ್ಲ. ನಾನು ಹೇಳಿಕೊಟ್ಟ ಹಾಗೆ ಎದ್ದು ನಿಂತು, ಎರಡೂ ಕೈ ಮೇಲೆತ್ತಿ ಅಲ್ಲಾಡಿಸಿದರು. ಕಿವಿ ಕೇಳದವರು ಕಣ್ಣಲ್ಲಿ ನೋಡುವ ಚಪ್ಪಾಳೆ ಅದು. ಹೆಡ್‌ಮಾಸ್ಟರು ನನ್ನನ್ನು ದುರುಗುಟ್ಟಿಕೊಂಡು ನೋಡಿದರು. ನಾನು ಜಗ್ಗಲಿಲ್ಲ. ಅಷ್ಟರಲ್ಲಿ ಪಕ್ಕದ ತರಗತಿ ಎದ್ದಿತು, ಆಮೇಲೆ ಮಕ್ಕಳ ಅಪ್ಪ ಅಮ್ಮಂದಿರು, ಕೊನೆಗೆ ಹೆಡ್‌ಮಾಸ್ಟರೂ. ಮೈದಾನದ ತುಂಬಾ ಬರೀ ಕೈಗಳು.

ನಿನ್ನ ಜೊತೆ ಗುಂಡು ತುಂಬುತ್ತಿದ್ದ ಮೀಸೆ ಮಾಮ ಬಿಟ್ಟ ಕಣ್ಣು ಬಿಟ್ಟ ಹಾಗೇ ನೋಡಿದರು. ಆಮೇಲೆ ಎರಡೂ ಕಿವಿ ಮುಚ್ಚಿಕೊಂಡು ಕೂಗಿದರು: "ಸಾಕು ನಿಲ್ಲಿಸ್ರಪ್ಪಾ, ಕಿವಿ ತೂತಾಗುತ್ತೆ." ಇಡೀ ಮೈದಾನ ನಕ್ಕಿತು.

ಅವರ ಪಕ್ಕ ನಿನಗೂ ಒಂದು ಕುರ್ಚಿ ಹಾಕಿಸಿದ್ದೆ. ಎಲ್ಲರೂ ಕೂತ ಮೇಲೂ ಅದರ ಕಡೆಗೆ ಮೇಲೆತ್ತಿದ ನನ್ನ ಕೈಗಳು ಆಡುತ್ತಲೇ ಇದ್ದವು.