ಕನ್ನಡಿಗೆ ಬೆನ್ನು ಹಾಕಿದ ಕುರ್ಚಿ

ಅಕ್ಟೋಬರ್ ೧೪, ಮಂಗಳವಾರ
ಅಂಗಡಿಯಿಂದ, ಮಧ್ಯಾಹ್ನ

ಅಕ್ಕಾ,

ಹೇಗಿದ್ದೀಯ ಎಂದು ಕೇಳುವ ಧೈರ್ಯ ನನಗಿಲ್ಲ. ಮಗಳ ಮನೆಯಲ್ಲಿ ಊಟವನ್ನಾದರೂ ಹೊತ್ತಿಗೆ ಸರಿಯಾಗಿ ಮಾಡುತ್ತಿದ್ದೀಯ ಎಂದುಕೊಂಡಿದ್ದೇನೆ. ನಿನ್ನ ಕಾಗದ ಬಂದು ಐದು ವಾರವಾಯಿತು. ನಾಲ್ಕೇ ಸಾಲಿನ ಕಾಗದಕ್ಕೆ ಐದು ವಾರ ಉತ್ತರ ಬರೆಯದ ಇವನೆಂಥ ತಮ್ಮ ಎಂದು ಬೈದುಕೊಂಡಿರುತ್ತೀಯ, ಬೈದುಕೋ. ಕೆಲಸ ಜಾಸ್ತಿ ಇತ್ತು, ಬೆರಳಿಗೆ ಕತ್ತರಿ ತಾಗಿತ್ತು ಎಂದೆಲ್ಲ ನೆಪ ಹೇಳಬಹುದು. ಬೆರಳಿಗೆ ತಾಗಿದ್ದು ನಿಜವೇ, ಆದರೆ ಅದು ಎಡಗೈ ಬೆರಳು.

ಫೋನಿನಲ್ಲಿ ಮಗನ ಮೆಸೇಜುಗಳಿವೆ ಎಂದು ಅದನ್ನು ಆಫ್ ಮಾಡಿ ಬೀರುವಿನಲ್ಲಿ ಇಟ್ಟಿದ್ದೀಯಂತೆ. ನಿನ್ನ ಮಗಳು ಹೇಳಿದಳು. ಒಂದು ಲೆಕ್ಕದಲ್ಲಿ ಅದೇ ಒಳ್ಳೆಯದಾಯಿತು. ಇದನ್ನು ನಾನು ಫೋನಿನಲ್ಲಿ ಹೇಳಲು ಹೊರಟಿದ್ದರೆ ಅರ್ಧಕ್ಕೇ ಸಿಗ್ನಲ್ ಸರಿ ಇಲ್ಲ ಎಂದು ಕತ್ತರಿಸುತ್ತಿದ್ದೆ.

ನಿನ್ನ ನಾಲ್ಕು ಸಾಲಿನಲ್ಲಿ ಮೂರು ಕ್ಷೇಮ ಸಮಾಚಾರ. ನಾಲ್ಕನೆಯದರಲ್ಲಿ, "ತಿಂಗಳಿಗೊಮ್ಮೆ ನನ್ನ ಮಗನ ತಲೆ ನಿನ್ನ ಕೈಯಲ್ಲಿ ಇರುತ್ತಿತ್ತು. ನಿನಗೂ ಏನೂ ಕಾಣಲಿಲ್ಲವಾ?" ಎಂದು ಕೇಳಿದ್ದೀಯ. ಇದಕ್ಕೆ ಉತ್ತರ ಕೊಡುತ್ತೇನೆ. ಮೊದಲು ಬೇರೆ ಸುದ್ದಿ ಹೇಳಿಬಿಡಲು ಬಿಡು. ಚಿಕ್ಕವನಿದ್ದಾಗಲೂ ನಾನು ಹೀಗೆಯೇ ಅಲ್ಲವೇ, ತಟ್ಟೆ ಒಡೆದ ದಿನ ಪಕ್ಕದ ಮನೆಯ ಬೆಕ್ಕಿನ ಸುದ್ದಿಯಿಂದ ಶುರು ಮಾಡುತ್ತಿದ್ದೆ.

ಮನೆಯಲ್ಲಿ ಇವಳು ಚೆನ್ನಾಗಿದ್ದಾಳೆ. ವಾರಕ್ಕೆರಡು ಸಲ ಹೋಗಿ ನಿನ್ನ ಮನೆಯ ಕಿಟಕಿ ತೆಗೆದು ಗಾಳಿಯಾಡಿಸಿ ಬರುತ್ತಾಳೆ. ಅವನ ಕೋಣೆಯ ಬಾಗಿಲನ್ನು ನೀನು ಹೇಳಿದಂತೆ ಮುಟ್ಟಿಲ್ಲ. ಮೊನ್ನೆ ನಾನೂ ಜೊತೆಗೆ ಹೋಗಿದ್ದೆ. ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿತ್ತು, ವಾಷರ್ ಬದಲಾಯಿಸಿದೆ. ಹೊರಗೆ ಬಂದು ಬೀಗ ಹಾಕುವಾಗ ಇವಳು, "ನೀವು ಯಾಕೆ ಅಕ್ಕನಿಗೆ ಕಾಗದ ಬರೀತಿಲ್ಲ? ನಾನೇ ಬರೀಲಾ?" ಎಂದಳು. ಬೇಡ ಎಂದೆ. ಇವಳಿಗೂ ನಾನು ಹೇಳಿಲ್ಲ.

ಇನ್ನು ಸಮಿತಿಯ ಸುದ್ದಿ. ನಿನಗೆ ಗೊತ್ತಿರುವುದನ್ನೇ ಹೇಳುತ್ತೇನೆ, ತಾಳಿಕೋ. ಮೊದಲಿನಿಂದ ಹೇಳದಿದ್ದರೆ ನಾನು ಕೊನೆ ಮುಟ್ಟಲಾರೆ.

ಎರಡು ವರ್ಷದ ಹಿಂದೆ ನಮ್ಮ ಬಡಾವಣೆಯ ಇಬ್ಬರು ಹುಡುಗರು ನಶೆಗೆ ಸಿಕ್ಕಿ ಒಂದೇ ತಿಂಗಳಲ್ಲಿ ಹೋದಾಗ ಎಲ್ಲರೂ ಎದ್ದು ಕೂತು ಈ ಸಮಿತಿ ಕಟ್ಟಿದರಲ್ಲ. ಡ್ರಿಲ್ ಮಾಸ್ತರರು ಸಂಜೆ ಮೈದಾನದಲ್ಲಿ ದೀಪ ಹಾಕಿಸಿ ಆಟ ಶುರು ಮಾಡಿದರು. ಔಷಧಿ ಅಂಗಡಿಯವರು ಚೀಟಿ ಇಲ್ಲದೆ ನೋವಿನ ಮಾತ್ರೆ ಕೊಡುವುದಿಲ್ಲ ಎಂದು ಬರೆದು ಅಂಟಿಸಿದರು. ಭಾಷಣ ಆಯಿತು, ಮೆರವಣಿಗೆ ಆಯಿತು. ಭಾಷಣಕ್ಕೆ ಬಂದವರೆಲ್ಲ ನಮ್ಮಂಥ ಹೊಟ್ಟೆ ಬಂದವರು, ಹುಡುಗರು ಒಬ್ಬರೂ ಬರಲಿಲ್ಲ. ಆಗ ಆರೋಗ್ಯ ಕೇಂದ್ರದ ನರ್ಸಮ್ಮ ಒಂದು ಮಂಗಳವಾರ ನಮ್ಮ ಕಡೆಯ ಹನ್ನೊಂದು ಕಟಿಂಗ್ ಶಾಪಿನವರನ್ನೂ ಕರೆಸಿದರು. "ಹುಡುಗರು ನನ್ನ ಹತ್ರ ಬರಲ್ಲ, ಮಾಸ್ತರ ಹತ್ರಾನೂ ಬರಲ್ಲ. ಆದ್ರೆ ಕೂದಲು ಬೆಳೆಯೋದನ್ನ ಯಾರೂ ತಡೆಯೋಕಾಗಲ್ಲ. ನಿಮ್ಮ ಹತ್ರ ಬಂದೇ ಬರ್ತಾರೆ," ಎಂದರು. ನಮಗೆ ಆದ ಹೆಮ್ಮೆ ಅಷ್ಟಿಷ್ಟಲ್ಲ. ಜನ್ಮದಲ್ಲಿ ಯಾರೂ ನಮ್ಮನ್ನು ಮೀಟಿಂಗಿಗೆ ಕರೆದಿರಲಿಲ್ಲ.

ಅವರು ಕಲಿಸಿದ್ದು ಒಂದು ಸಣ್ಣ ಕೆಲಸ. ಹುಡುಗನಿಗೆ ಏನೋ ಹೇಳುವುದಿದೆ ಎಂದು ಅನ್ನಿಸಿದರೆ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಬಿಡಿ, ತನ್ನ ಮುಖವನ್ನೇ ಕನ್ನಡಿಯಲ್ಲಿ ನೋಡುತ್ತಾ ಯಾರೂ ನಿಜ ಹೇಳುವುದಿಲ್ಲ ಎಂದರು. ನೀವು ಬುದ್ಧಿ ಹೇಳಬೇಡಿ, ಬಾಯಿ ಮುಚ್ಚಿಕೊಂಡು ಕತ್ತರಿ ಆಡಿಸಿ, ಹೋಗುವಾಗ ನನ್ನ ನಂಬರಿನ ಚೀಟಿ ಕೊಡಿ ಎಂದರು. ಆಮೇಲೆ ಎರಡು ಮಾತು ಬರೆಸಿದರು. ಒಂದು, ಕುರ್ಚಿಯಲ್ಲಿ ಹೇಳಿದ್ದು ಮನೆಗೆ ಹೋಗುವುದಿಲ್ಲ. ಎರಡು, ಸೂಜಿ ಚುಚ್ಚಿಕೊಳ್ಳುವ ಮಾತು ಬಂದರೆ ಮಾತ್ರ ಒಂದು ದಿನವೂ ಕಾಯುವುದಿಲ್ಲ. ಹುಡುಗನಿಗೆ ಹೇಳಿಯೇ ಅವನನ್ನೂ ಮನೆಯವರನ್ನೂ ನರ್ಸಮ್ಮನ ಮುಂದೆ ಕೂರಿಸಬೇಕು.

ಈ ಎರಡು ಮಾತನ್ನು ಅಂಗಡಿಗಳಿಗೆ ಬೋರ್ಡು ಬರೆಸುವ ಕೆಲಸವನ್ನು ನಾನೇ ಮೈಮೇಲೆ ಎಳೆದುಕೊಂಡೆ. ಪೇಂಟರ್ ಗೊತ್ತಲ್ಲ ನಿನಗೆ, ನಿನ್ನ ಮನೆಯ ಗೇಟಿಗೆ ಬಣ್ಣ ಬಳಿದು ಬೆಕ್ಕಿಗೂ ಬಳಿದವನು. ಅವನು ಹಲಗೆ ಅಳೆದು, "ಯಜಮಾನ್ರೇ, ಎರಡನೇ ಸಾಲು ಹಿಡಿಯಲ್ಲ. ಅಕ್ಷರ ಸಣ್ಣ ಮಾಡಿದ್ರೆ ಇರುವೆ ಓದಬೇಕು," ಎಂದ. ಮೊದಲನೆಯದು ಇದ್ದರೆ ಸಾಕು ಬಿಡಪ್ಪ, ಎರಡನೆಯದನ್ನು ನೋಡಿದರೆ ಹುಡುಗರು ಬಾಯಿ ಬಿಡುವುದಿಲ್ಲ ಎಂದೆ. ಹನ್ನೊಂದು ಅಂಗಡಿಯಲ್ಲೂ ಒಂದೇ ಸಾಲಿನ ಬೋರ್ಡು ಬಂತು. ನರ್ಸಮ್ಮ ನೋಡಿದಾಗ ಸ್ವಲ್ಪ ಮುಖ ಗಂಟಿಕ್ಕಿದರು. ನಾವೆಲ್ಲ ನೆನಪಿಟ್ಟುಕೊಂಡಿದ್ದೇವೆ ತಾಯಿ ಎಂದು ನಾನೇ ಸಮಾಧಾನ ಹೇಳಿ ಕಳಿಸಿದೆ.

ಮೊದಲ ಎರಡು ತಿಂಗಳು ಯಾರೂ ಬಾಯಿ ಬಿಡಲಿಲ್ಲ. ಕುರ್ಚಿ ತಿರುಗಿಸಿದರೆ, "ಅಂಕಲ್, ಹಿಂದೆ ಸಮ ಬಂತಾ ಅಂತ ನನಗೆ ಹೇಗೆ ಗೊತ್ತಾಗಬೇಕು?" ಎಂದು ಜಗಳಕ್ಕೆ ಬರುತ್ತಿದ್ದರು. ಆಮೇಲೆ ಒಬ್ಬ ಮಾತಾಡಿದ. ಅವನ ಗುಟ್ಟು ಹೊರಗೆ ಬರಲಿಲ್ಲ. ಅದನ್ನು ನೋಡಿ ಇನ್ನೊಬ್ಬ ಬಂದ. ಕೊನೆಕೊನೆಗೆ ಒಳಗೆ ಕಾಲಿಡುತ್ತಲೇ "ತಿರುಗಿಸಿ" ಎನ್ನುವವರೂ ಬಂದರು. ನಮ್ಮ ಮಾತು ಮಾತೇ ಎಂದು ಹುಡುಗರ ನಡುವೆ ಹೆಸರಾಯಿತು. ನಾನು ಅಂಗಡಿಯ ಬಾಗಿಲಲ್ಲಿ ಎದೆ ಉಬ್ಬಿಸಿ ನಿಲ್ಲುತ್ತಿದ್ದೆ. ನೀನೇ ಒಂದು ಸಲ, "ಏನೋ, ದೊಡ್ಡ ಡಾಕ್ಟರ ಹಾಗೆ ನಿಂತಿದ್ದೀಯ," ಎಂದು ಕೀಟಲೆ ಮಾಡಿದ್ದೆ.

ಕಳೆದ ತಿಂಗಳು ಆ ಬೋರ್ಡುಗಳನ್ನೆಲ್ಲ ಇಳಿಸಿ ದೊಡ್ಡ ಹಲಗೆಯಲ್ಲಿ ಎರಡೂ ಸಾಲು ಬರೆಸಿದೆ. ಉಳಿದವರು ಒಪ್ಪಲಿಲ್ಲ. ಚೆನ್ನಾಗಿ ನಡೀತಿರೋದನ್ನ ಯಾಕೆ ಕೆಡಿಸ್ತೀಯ ಎಂದು ಕೂಗಾಡಿದರು. ನಾನು ಒಬ್ಬೊಬ್ಬರ ಅಂಗಡಿಗೂ ಹೋಗಿ ಕೈಯಾರೆ ಮೊಳೆ ಹೊಡೆದು ಬಂದೆ.

ಈಗ ನಿಜವಾದ ಫಜೀತಿ. ಮುಂದಿನ ತಿಂಗಳು ಸಮಿತಿಯ ವಾರ್ಷಿಕ ಸಭೆ. ನನಗೆ ಸನ್ಮಾನವಂತೆ. ಬೇಡ ಎಂದರೆ ಡ್ರಿಲ್ ಮಾಸ್ತರರು ಅಂಗಡಿಗೇ ಬಂದು, "ನಾಚಿಕೆ ಪಡೋಕೆ ನೀನೇನು ಮದುಮಗಳಾ?" ಎಂದು ಗದರಿದರು. ನರ್ಸಮ್ಮ ಮಾತ್ರ ಮೆಲ್ಲಗೆ ಹೇಳಿದರು: "ಈ ವರ್ಷ ನಿಮ್ಮ ಹನ್ನೊಂದು ಅಂಗಡಿಯಿಂದ ಮೂವತ್ತೊಂದು ಹುಡುಗರು ನನ್ನ ಹತ್ರ ಬಂದಿದ್ದಾರೆ. ಅದರಲ್ಲಿ ಹದಿಮೂರು ನಿಮ್ಮ ಕುರ್ಚಿಯಿಂದಲೇ. ಅವರ ತಾಯಂದಿರಿಗೋಸ್ಕರನಾದ್ರೂ ಬನ್ನಿ." ಆ ಸನ್ಮಾನವನ್ನು ನಿನ್ನ ಕೈಯಿಂದಲೇ ಕೊಡಿಸಬೇಕು ಎಂಬುದು ಅವರ ಆಸೆ. ಮಗನನ್ನು ಕಳೆದುಕೊಂಡ ತಾಯಿ ನಾಲ್ಕು ಮಾತಾಡಿದರೆ ಉಳಿದವರು ಕಣ್ಣು ಬಿಡುತ್ತಾರೆ ಎನ್ನುತ್ತಾರೆ. ನಿನಗೆ ಅವರೇ ಬೇರೆ ಕಾಗದ ಬರೆಯುತ್ತಾರಂತೆ. ಅದು ತಲುಪುವ ಮೊದಲು ನನ್ನದು ತಲುಪಲಿ ಎಂದು ಇವತ್ತು ಬಾಗಿಲು ಅರ್ಧ ಎಳೆದು ಕೂತಿದ್ದೇನೆ.

ನೀನು ವೇದಿಕೆ ಹತ್ತಿ, ಏನೂ ಗೊತ್ತಿಲ್ಲದೆ, ನಗುನಗುತ್ತಾ ನನ್ನ ಕೈಗೆ ಅದನ್ನು ಕೊಡುವುದು ನನ್ನ ಕಣ್ಣ ಮುಂದೆ ಬರುತ್ತದೆ.

ಅವನನ್ನು ನೆನೆಯದ ದಿನವಿಲ್ಲ ಅಕ್ಕಾ. ನಮ್ಮ ಜೋಡಿಸುಳಿ. ಅವನ ನೆತ್ತಿಯ ಎರಡು ಸುಳಿಯ ನಡುವೆ ಒಂದು ಜುಟ್ಟು ಏನು ಮಾಡಿದರೂ ಮಲಗುತ್ತಿರಲಿಲ್ಲ. ಒಂದು ವರ್ಷದ ಮಗುವಿನಿಂದ ಹತ್ತೊಂಬತ್ತರವರೆಗೆ ಅದರ ಜೊತೆ ನಾನು ಗುದ್ದಾಡಿದ್ದೇನೆ. ಗೋದಾಮಿನ ಕೆಲಸಕ್ಕೆ ಸೇರಿ, ಮೂಟೆ ಎತ್ತಿ ಬೆನ್ನು ಹಿಡಿದುಕೊಂಡಾಗ ಜೊತೆಯವನು ಯಾರೋ ನೋವಿನ ಮಾತ್ರೆ ಕೊಟ್ಟ. ಅಲ್ಲಿಂದ ಶುರುವಾಯಿತು ಎಂದು ನಿನಗೆ ಪೊಲೀಸರು ಹೇಳಿದ್ದಾರೆ. ಅದು ಸರಿ. ನಿನ್ನ ಸಾಕಣೆಯಲ್ಲಿ ಯಾವ ಕೊರತೆಯೂ ಇರಲಿಲ್ಲ. ಇದನ್ನು ಎಲ್ಲಿ ಬೇಕಾದರೂ ನಿಂತು ಹೇಳುತ್ತೇನೆ.

ನಿನ್ನ ಮಗಳಿಗೆ, ಅಳಿಯನಿಗೆ ನನ್ನ ಆಶೀರ್ವಾದ ತಿಳಿಸು. ಅವಳ ಹೊಟ್ಟೆಯಲ್ಲಿರುವ ಕೂಸು ಸುಖವಾಗಿ ಬರಲಿ, ನೂರು ವರ್ಷ ಬಾಳಲಿ. ನಿನ್ನ ಕಾಲಿಗೆ ಬಿದ್ದೆ ಎಂದು ಪ್ರತಿ ಸಲ ಬರೆಯುತ್ತಿದ್ದೆ. ಈ ಸಲವೂ ಬಿದ್ದಿದ್ದೇನೆ, ಆದರೆ ಕೆಳಗಿನದನ್ನು ಓದದೆ ಹರಸಬೇಡ.

ಇಂತಿ,
ನಿನ್ನ ತಮ್ಮ

ಮರೆತ ಮಾತು: ಮರೆತದ್ದಲ್ಲ ಅಕ್ಕಾ, ಮೇಲೆ ಬರೆಯಲು ಆಗಲಿಲ್ಲ.

ನನಗೆ ಕಾಣಲಿಲ್ಲವಾ ಎಂದು ಕೇಳಿದೆಯಲ್ಲ. ಅವನೇ ಹೇಳಿದ್ದ. ಹೋಗುವುದಕ್ಕೆ ಒಂಬತ್ತು ದಿನ ಮೊದಲು, ಒಂದು ಶನಿವಾರ ಬೆಳಿಗ್ಗೆ ಅಂಗಡಿಗೆ ಬಂದ. ಮನೆಯ ಹುಡುಗ, ಯಾವಾಗಲೂ ಗಿರಾಕಿಗಳೆಲ್ಲ ಹೋದ ಮೇಲೆ ಬಂದು ಕೂರುವವನು. ಅವತ್ತು ಬೆಂಚಿನ ಮೇಲೆ ನಾಲ್ಕು ಜನರ ಹಿಂದೆ ಕಾದು ಕೂತ. ಸರದಿ ಬಂದಾಗ ಕುರ್ಚಿಯಲ್ಲಿ ಕೂತು, "ತಿರುಗಿಸಿ ಮಾಮಾ," ಎಂದ. ನಾನು ತಮಾಷೆ ಎಂದುಕೊಂಡೆ. "ಬೋರ್ಡಲ್ಲಿ ಇರೋದು ನನಗೂ ಅನ್ವಯಿಸುತ್ತಾ?" ಎಂದು ಕೇಳಿದ. ಎಲ್ಲರಿಗೂ ಒಂದೇ ಎಂದೆ. ಗೋಡೆ ನೋಡುತ್ತಾ ಹೇಳಿದ: "ಮಾತ್ರೆ ಈಗ ಸಾಲ್ತಿಲ್ಲ ಮಾಮಾ. ಎರಡು ವಾರದಿಂದ ಸೂಜಿ. ಅಮ್ಮಂಗೆ ಹೇಳ್ಬೇಡಿ. ಮುಂದಿನ ವಾರ ನಾನೇ ನರ್ಸಮ್ಮನ ಹತ್ರ ಹೋಗ್ತೀನಿ."

ನಾನು ಚೀಟಿ ಕೊಟ್ಟೆ. ಜೇಬಿಗೆ ಹಾಕಿಕೊಂಡ.

ಎರಡನೇ ಸಾಲು ನೆನಪಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಅವನ ಕೂದಲು ಗುಡಿಸುವಾಗ ನೆನಪಾಯಿತು. ನಿನ್ನ ಮನೆಗೆ ನನ್ನ ಅಂಗಡಿಯಿಂದ ಆರು ನಿಮಿಷದ ದಾರಿ. ಹೋಗಲಿಲ್ಲ. ಸ್ವಂತ ಅಕ್ಕನಿಗೆ ಹೋಗಿ ಹೇಳಿದ ಎಂದು ಸುದ್ದಿಯಾದರೆ ನಾಳೆಯಿಂದ ಯಾವ ಹುಡುಗ ನನ್ನನ್ನು ನಂಬುತ್ತಾನೆ ಎಂದುಕೊಂಡೆ. ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಅವನು ಹೇಳಿದಾಗ ನನಗೆ ಭಯಕ್ಕಿಂತ ಮೊದಲು ಹೆಮ್ಮೆಯಾಯಿತು. ನನ್ನ ಅಕ್ಕನ ಮಗನೂ ಮಾಮನ ಹತ್ತಿರ ಹೇಳದ್ದನ್ನು ನನ್ನ ಕುರ್ಚಿಯ ಹತ್ತಿರ ಹೇಳಿದನಲ್ಲ ಎಂದು ಉಬ್ಬಿದೆ. ಇದೂ ನಿನಗೆ ಗೊತ್ತಿರಬೇಕು ಎಂದು ಬರೆಯುತ್ತಿದ್ದೇನೆ.

ಇನ್ನು ಆ ಸಭೆಗೆ ನೀನು ಬರುವುದೂ ಬಿಡುವುದೂ ನಿನಗೆ ಬಿಟ್ಟದ್ದು. ನಾನಂತೂ ಹೋಗಿ, ಇಷ್ಟನ್ನೂ ಎಲ್ಲರ ಮುಂದೆ ಹೇಳುತ್ತೇನೆ.

ಆ ಶನಿವಾರ ಸಂಜೆ ನೀನು ಫೋನ್ ಮಾಡಿದ್ದೆ, ನೆನಪಿದೆಯಾ? "ಏನು ಮಾಡಿದ್ಯೋ ನನ್ನ ಮಗನಿಗೆ? ಎಷ್ಟು ದಿನದ ಮೇಲೆ ಹೊಟ್ಟೆ ತುಂಬಾ ಊಟ ಮಾಡಿದ, ನನ್ನ ಜೊತೆ ಕೂತು ನಕ್ಕ," ಎಂದೆ. ನಾನು ಹೇಳಿದೆ, "ನನ್ನ ಕೈಗುಣ ಅಕ್ಕಾ."