ಎರಡು ಬೀಗಗಳು: ಆರೋಗ್ಯಾಧಿಕಾರಿಗಳಿಗೆ ಕಾಪುವಿನ ಕಡಲತಡಿಯಿಂದ

ಕಾಪು, ೧೨ ಮಾರ್ಚ್ ೧೯೮೪

ಮಾನ್ಯ ಆರೋಗ್ಯಾಧಿಕಾರಿಗಳೇ,

ಮಲ ಎಂಬ ಶಬ್ದ ನಿಮ್ಮ ಮೇಜಿನವರೆಗೆ ಬಂದು ನಿಮ್ಮ ಮನಸ್ಸನ್ನು ನೋಯಿಸಿತೆಂದು ತಿಳಿಯಿತು. ಕ್ಷಮಿಸಬೇಕು. ನಮ್ಮ ಕಡೆ ಅದು ಎಲ್ಲರಿಗೂ ಆಗುತ್ತದೆ. ಅಧಿಕಾರಿಗಳಿಗೆ ಆಗುವುದಿಲ್ಲವೆಂದು ನಮಗೆ ಯಾರೂ ತಿಳಿಸಿರಲಿಲ್ಲ.

ನಮ್ಮ ಮಹಿಳಾ ಮಂಡಲ ನಿಮ್ಮಲ್ಲಿ ಕೇಳಿದ್ದು ದೊಡ್ಡದೇನಲ್ಲ. ಏಪ್ರಿಲ್ ಎಂಟನೇ ತಾರೀಕು ಆದಿತ್ಯವಾರ, ಕರುಳಿನ ಕ್ಯಾನ್ಸರ್ ತಪಾಸಣೆಗಾಗಿ, ನಮ್ಮೂರಿನ ನಿಮ್ಮ ಉಪಕೇಂದ್ರದ ಬೀಗ ತೆಗೆಯಿರಿ ಎಂದು ಕೇಳಿದೆವು. ಮಣಿಪಾಲದ ಡಾಕ್ಟರರೊಬ್ಬರು ಬಿಡಿಗಾಸು ತೆಗೆದುಕೊಳ್ಳದೆ ಬರುತ್ತೇನೆಂದಿದ್ದಾರೆ. ಜನ ತಮ್ಮ ತಮ್ಮದನ್ನು ಬೆಂಕಿಪೊಟ್ಟಣದಲ್ಲಿ ಹಾಕಿ ತರಬೇಕು. ಅವರು ಮದ್ದು ಬಿಟ್ಟು ನೋಡುತ್ತಾರೆ. ಕಣ್ಣಿಗೆ ಕಾಣದಷ್ಟು ರಕ್ತವಿದ್ದರೂ ನೀಲಿಯಾಗುತ್ತದೆ. ಇದಕ್ಕೆ ಬೇಕಾದದ್ದು ನೀರು, ಬೆಳಕು, ಒಂದು ಕೋಣೆ. ಮೂರೂ ನಿಮ್ಮ ಉಪಕೇಂದ್ರದಲ್ಲಿವೆ. ನರ್ಸಮ್ಮ ವರ್ಗವಾಗಿ ಹೋಗಿ ಹದಿನಾಲ್ಕು ತಿಂಗಳಾಯಿತು. ಅಲ್ಲಿಂದೀಚೆಗೆ ಆ ಬಾಗಿಲು ನಿಮ್ಮ ಜೀಪು ಬರುವ ದಿನ ಮಾತ್ರ ತೆರೆಯುತ್ತದೆ. ಒಳಗೆ ಈಗ ಇರುವುದು ಒಂದು ತಕ್ಕಡಿ, ಒಂದು ಮಂಚ, ಮತ್ತು ನಿಮ್ಮ ಇಲಾಖೆಯನ್ನು ನಂಬಿದ ಒಂದು ಬೆಕ್ಕಿನ ಸಂಸಾರ.

ಹಣವನ್ನು ನಾವು ನಿಮ್ಮಿಂದ ಕೇಳಲಿಲ್ಲ. ಅದನ್ನು ನಮ್ಮ ಹೆಂಗಸರೇ ಹೊಂದಿಸುತ್ತಿದ್ದಾರೆ. ದಡದಲ್ಲಿ ಮೀನು ಕೊಂಡು, ಬುಟ್ಟಿ ಹೊತ್ತು, ಕಾರ್ಕಳದ ಬಸ್ಸು ಹತ್ತುವವರು ಬುಟ್ಟಿಗೊಂದು ಮೀನನ್ನು ರೋಗಿಯ ಹೆಸರಿನಲ್ಲಿ ಬದಿಗಿಡುತ್ತಾರೆ. ಸಣ್ಣದಲ್ಲ, ಬುಟ್ಟಿಯಲ್ಲೇ ದೊಡ್ಡದು. ನಮ್ಮ ಸರಸ ಕಾರ್ಕಳದ ಮನೆಯೊಂದರ ಮೆಟ್ಟಿಲಲ್ಲಿ ಬುಟ್ಟಿ ಇಳಿಸಿದಾಗ ಒಡತಿ ಕೇಳಿದರಂತೆ, "ಆ ದೊಡ್ಡ ಬಂಗುಡೆ ಯಾಕೆ ಬದಿಗೆ? ಅದನ್ನೇ ಕೊಡು."

"ಅದು ರೋಗಿಯದ್ದು ಅಮ್ಮ. ಅದಕ್ಕೆ ಎರಡು ಪಟ್ಟು ಕ್ರಯ."

"ಎಂತ ರೋಗ ಅದು?"

"ನೀವು ಕೇಳಲು ಹೇಸುವ ರೋಗ. ಈಗ ಮೂರು ಪಟ್ಟು."

ಒಡತಿ ಬಾಗಿಲು ಹಾಕಿಕೊಂಡರು. ಮರುವಾರ ಕರೆದು ಮೂರು ಪಟ್ಟು ಕೊಟ್ಟು ಕೊಂಡರು, ಮತ್ತು ಸಣ್ಣ ಸ್ವರದಲ್ಲಿ ತಮ್ಮ ಮಾವನವರ ವಿಷಯ ಕೇಳಿದರು. ಆ ಮೀನಿನ ಹಣದಿಂದ ತಪಾಸಣೆಯ ಮದ್ದು ಬರುತ್ತದೆ, ರೋಗಿಗೆ ಮಣಿಪಾಲದಲ್ಲಿ ಮಂಚ ಸಿಗುತ್ತದೆ. ಉಳಿದದ್ದು ಡಾಕ್ಟರರ ಸಂಶೋಧನೆಗೆ. ಅವರು ಮಟ್ಟುವಿನಿಂದ ಪಡುಬಿದ್ರಿಯವರೆಗೆ ಮನೆಮನೆ ಸುತ್ತಿ, ಈ ರೋಗ ಯಾರಿಗೆ, ಯಾವ ಪ್ರಾಯದಲ್ಲಿ, ಯಾವ ಮನೆತನದಲ್ಲಿ ಬರುತ್ತದೆಂದು ಬರೆದಿಡಬೇಕೆಂದಿದ್ದಾರೆ. ಬುಟ್ಟಿ ಹೊರುವ ಹೆಂಗಸರಿಗೆ ಅರ್ಥವಾದ ಈ ವಿಷಯ, ಪದವಿ ಹೊತ್ತ ನಿಮಗೆ ಅರ್ಥವಾಗಲಿಲ್ಲ. ಹೊರೆ ತಲೆಯ ಮೇಲಿದ್ದರೆ ಕುತ್ತಿಗೆ ನೆಟ್ಟಗಿರುತ್ತದೆ. ಗೋಡೆಯ ಮೇಲೆ ತೂಗುಹಾಕಿದರೆ ಹಾಗಾಗುವುದಿಲ್ಲವೇನೋ.

ನೀವು ಉತ್ತರಿಸಿದಿರಿ. ಅದಕ್ಕೆ ಕೃತಜ್ಞತೆಗಳು. ನಿಮ್ಮ ಮೊದಲನೆಯ ಆಕ್ಷೇಪ, ನಮ್ಮ ಕರಪತ್ರ "ಸಾರ್ವಜನಿಕವಾಗಿ ಉಚ್ಚರಿಸಲು ಯೋಗ್ಯವಲ್ಲದ ಪದಗಳನ್ನು ಒಳಗೊಂಡಿದ್ದು ಸಭ್ಯತೆಗೆ ಧಕ್ಕೆ ತರುತ್ತದೆ" ಎಂಬುದು. ಕರಪತ್ರ ಬರೆದವರು ಮೂವತ್ತು ವರ್ಷ ನರ್ಸಾಗಿ ದುಡಿದ ಜೆರ್ಟ್ರೂಡ್ ಬಾಯಿ. ಅವರು ಬರೆದದ್ದು ಇಷ್ಟೆ: "ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿಯೆಂದು ಸುಮ್ಮನಿರಬೇಡಿ. ನಾಚಬೇಡಿ. ಡಾಕ್ಟರಿಗೆ ತೋರಿಸಿ." ನಿಮ್ಮ ಪತ್ರ ಓದಿ ಅವರು ಕನ್ನಡಕ ತೆಗೆದಿಟ್ಟು ಹೇಳಿದ್ದು, "ರತ್ನಕ್ಕ, ನಾನು ಇಂಥವರಿಗೆ ಎನಿಮಾ ಎಷ್ಟು ಕೊಟ್ಟಿಲ್ಲ! ಆಗ ಒಬ್ಬರೂ ಸಭ್ಯತೆ ಅಂತ ಹೇಳಿದ್ದಿಲ್ಲ. ಬೇಗ ಕೊಡಿ ಸಿಸ್ಟರ್ ಅಂತ ಹೇಳುತ್ತಿದ್ದರು."

ಸಭ್ಯತೆಯ ಮಾತನ್ನು ನಿಮ್ಮ ಇಲಾಖೆ ಆಡುವುದಾದರೆ ನನಗೂ ಒಂದು ಪ್ರಶ್ನೆಯಿದೆ. ಕಡಿಯಾಳಿಯಲ್ಲಿ ಬಸ್ಸಿಗೆ ಕಾಯುವಾಗ ನನ್ನ ಎದುರಿನ ಗೋಡೆಯಲ್ಲಿ ಕುಟುಂಬ ಯೋಜನೆಯ ಕೆಂಪು ತ್ರಿಕೋನವೂ, ಅದರ ಅಡಿಯಲ್ಲಿ ಗಂಡಸರು ಏನನ್ನು ಧರಿಸಬೇಕೆಂಬ ಉಪದೇಶವೂ ಮೊಳದುದ್ದದ ಅಕ್ಷರಗಳಲ್ಲಿವೆ. ಶಾಲೆಯ ಹೆಣ್ಣುಮಕ್ಕಳು ಅದನ್ನು ಕೂಡಿಸಿ ಕೂಡಿಸಿ ಓದಿ ಅಕ್ಷರ ಕಲಿಯುತ್ತಾರೆ. ತುರ್ತುಪರಿಸ್ಥಿತಿಯ ವರ್ಷ ನಿಮ್ಮ ಇಲಾಖೆಯವರು ನಮ್ಮ ದಡಕ್ಕೇ ಬಂದು, ಬಲೆ ಎಳೆಯುತ್ತಿದ್ದ ಗಂಡಸರಿಗೆ ಆಪರೇಷನ್ನಿನ ಮಹಿಮೆಯನ್ನು ಧ್ವನಿವರ್ಧಕದಲ್ಲಿ ವಿವರಿಸಿದರು. ಆಗ ನಾನು ಅಲ್ಲೇ ಇದ್ದೆ. ನನ್ನ ಕಿವಿಗಳ ಸಭ್ಯತೆಯನ್ನು ಯಾರೂ ವಿಚಾರಿಸಲಿಲ್ಲ. ಗಂಡಸಿನ ಮುಂಭಾಗ ಸರಕಾರದ್ದು, ಹಿಂಭಾಗ ಅಶ್ಲೀಲ ಎಂಬ ಸುತ್ತೋಲೆ ಯಾವಾಗ ಬಂತು, ತಿಳಿಸುವಿರಾ?

ನಿಮ್ಮ ಎರಡನೆಯ ಆಕ್ಷೇಪವೇ ನಾನು ಈ ಪತ್ರವನ್ನು ನಿಮ್ಮ ಕಚೇರಿಗೆ ಕಳುಹಿಸದೆ ಪತ್ರಿಕೆಗೆ ಕಳುಹಿಸಲು ಕಾರಣ. "ಈ ಕಚೇರಿಯ ಅಂಕಿಅಂಶಗಳ ಪ್ರಕಾರ ಸದರಿ ಗ್ರಾಮದಲ್ಲಿ ಕಳೆದ ಹತ್ತು ವರ್ಷಗಳಲ್ಲಿ ಸದರಿ ಕಾಯಿಲೆಯಿಂದ ಮೃತಪಟ್ಟವರ ಸಂಖ್ಯೆ ಶೂನ್ಯ." ಆ ಶೂನ್ಯ ನನಗೆ ಗೊತ್ತು. ಅದನ್ನು ಬರೆಸಿದವಳು ನಾನೇ.

ನನ್ನ ತಮ್ಮ ಲೀಲಾಧರ ರಂಪಣಿಯ ತಂಡೇಲನಾಗಿದ್ದ. ಅಂದರೆ ಅರುವತ್ತು ಜನ ದಡದಲ್ಲಿ ನಿಂತು ಎಳೆಯುವ ದೊಡ್ಡ ಬಲೆಗೆ ಅವನೇ ಯಜಮಾನ. ಅವನು ಕೂಗಿದರೆ ಹಗ್ಗ ಬಿಗಿಯುತ್ತಿತ್ತು, ಕೈ ಎತ್ತಿದರೆ ಸಡಿಲುತ್ತಿತ್ತು. ನಮ್ಮ ಕಡಲತಡಿಯ ಗಂಡಸರು ಬೆಳಕು ಹರಿಯುವ ಮೊದಲು ನೀರಂಚಿಗೆ ಹೋಗಿ ಕೂರುತ್ತಾರೆ. ತೆರೆ ಬಂದು ಒಯ್ಯುತ್ತದೆ. ಕಡಲಿಗೆ ಬಿಟ್ಟದ್ದನ್ನು ತಿರುಗಿ ನೋಡಬಾರದೆಂದು ಹುಡುಗರಿಗೆ ಕಲಿಸುವುದು ನಮ್ಮ ಕ್ರಮ. ನಾನೂ ತಮ್ಮಂದಿರಿಗೆ ಹಾಗೆಯೇ ಕಲಿಸಿದೆ. ನಿಮ್ಮ ಇಲಾಖೆ ಯಾವ ಕರಪತ್ರ ಹಂಚಿದರೂ ಕತ್ತಲೆಯಲ್ಲಿ ಕೂತು, ಬೆನ್ನು ಹಾಕಿ ಎದ್ದು ಬರುವವನಿಗೆ ರಕ್ತ ಕಾಣುವುದು ಹೇಗೆ? ಲೀಲಾಧರನಿಗೂ ಎಷ್ಟು ತಿಂಗಳು ಕಾಣಲಿಲ್ಲವೋ ಕಡಲಿಗೇ ಗೊತ್ತು.

ನಮ್ಮ ಮನೆಯಲ್ಲಿ ಕಕ್ಕಸು ಇರಲಿಲ್ಲವೆಂದು ತಿಳಿಯಬೇಡಿ. ಇತ್ತು. ಈ ಬದಿಯಲ್ಲಿ ಮೊದಲನೆಯದು ನಮ್ಮದೇ. ಮಗಳು ಪುಷ್ಪಾವತಿಯನ್ನು ಮುಂಬಯಿಯ ಮನೆಗೆ ಕೊಟ್ಟ ಮೇಲೆ, ಅಳಿಯಂದಿರು ವರ್ಷಕ್ಕೊಮ್ಮೆ ಬಂದಾಗ ನೀರಂಚಿಗೆ ಹೋಗುವಂತಾಗಬಾರದೆಂದು ಕಟ್ಟಿಸಿದೆ. ಬಿಳಿ ಪಿಂಗಾಣಿ ಹಾಕಿಸಿದೆ. ಅಳಿಯ ಹಿಂದಿರುಗಿದ ದಿನ ಬೀಗ ಹಾಕಿದೆ, ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿದೆ. ಊರಿನವರು ನಗುತ್ತಿದ್ದರು. ನಗಲಿ ಎಂದುಕೊಂಡೆ. ಮೀನಿನ ಕೈಯವರು, ಮರಳಿನ ಕಾಲಿನವರು ಬಿಳಿ ಪಿಂಗಾಣಿಯನ್ನು ಹಾಳುಮಾಡುವುದಕ್ಕೆ ನಾನು ಬಿಡುವವಳಲ್ಲ.

೧೯೭೮ರ ದೀಪಾವಳಿ, ನೀರು ತುಂಬುವ ದಿನ. ಮರುದಿನ ಅಳಿಯ ಬರುವವರಿದ್ದರು. ತೊಳೆಯಲೆಂದು ಬೀಗ ತೆಗೆದು ನೀರು ತರಲು ಬಾವಿಗೆ ಹೋದೆ. ಲೀಲಾಧರ ದಡದಿಂದ ಹೊಟ್ಟೆ ಹಿಡಿದುಕೊಂಡು ಬಂದವನು ತೆರೆದ ಬಾಗಿಲು ಕಂಡು ಒಳಹೊಕ್ಕ. ಅವನು ಹೊರಬಂದ ಮೇಲೆ ನಾನು ಒಳಗೆ ನೋಡಿದೆ. ಬಿಳಿಯ ಮೇಲೆ ಕೆಂಪು. ಮಾನ್ಯರೇ, ನಾನು ಒಂಬತ್ತನೇ ತರಗತಿ ಓದಿದವಳು, ನಾಲ್ಕು ಹೆತ್ತವಳು. ಮನುಷ್ಯನ ರಕ್ತವನ್ನು ಕಂಡರೆ ಗುರುತು ಹಿಡಿಯಬೇಕಾಗಿತ್ತು. ಆದರೆ ಹುಟ್ಟಿದಂದಿನಿಂದ ಮೀನಿನ ನೆತ್ತರನ್ನು ನೆಲದಿಂದ, ಸೀರೆಯಿಂದ, ಉಗುರಿನಿಂದ ತೊಳೆದವಳಿಗೆ ಕೆಂಪೆಂದರೆ ಒಂದೇ ಅರ್ಥ. ಅಂಗಳದಲ್ಲಿ ಎಲ್ಲರೆದುರು ಕೂಗಿದೆ: "ಬಂಗುಡೆಯ ನೆತ್ತರಿನ ಕೈ ತೊಳೆಯದೆ ಒಳಗೆ ಹೋದೆಯಾ? ನಿನಗೆ ಬುದ್ಧಿ ಉಂಟಾ? ಇದು ಎಂತ, ಮೀನಿನ ಕಟ್ಟೆಯಾ?"

ಅವನು ತನ್ನ ಕೈಗಳನ್ನು ನೋಡಿಕೊಂಡ. ಅವು ತೊಳೆದ ಕೈಗಳು. ಬಲೆಯವರು ನೋಡುತ್ತಿದ್ದರು. "ಹೌದು ಅಕ್ಕ, ಬಂಗುಡೆಯದ್ದೇ. ತಪ್ಪಾಯಿತು" ಎಂದ.

ಬಾವಿಯ ಬಳಿ ಯಾರೋ ನಕ್ಕರು, "ತಂಡೇಲರಿಗೂ ತಂಡೇಲರು ಉಂಟು ಮಾರಾಯ!" ಎಂದರು. ನಾನು ಫಿನಾಯಿಲ್ ಹಾಕಿ ತಿಕ್ಕಿ, ಬೀಗ ಹಾಕಿದೆ. ನನ್ನ ತಮ್ಮನ ರೋಗ ಇಡೀ ಊರಿನಲ್ಲಿ ಬೆಳಕಿಗೆ ಬಂದದ್ದು ಅದೊಂದೇ ಸಲ. ಅದನ್ನು ತೊಳೆದುಹಾಕಿದವಳು ನಾನು.

ಮೇ ತಿಂಗಳಲ್ಲಿ ಮಣಿಪಾಲಕ್ಕೆ ಒಯ್ದೆವು. ಆರು ತಿಂಗಳು ಮೊದಲು ತರಬೇಕಿತ್ತು ಎಂದು ಡಾಕ್ಟರು ಹೇಳಿದರು. ನಾನು ಬೆರಳಿನಲ್ಲಿ ಎಣಿಸಿದೆ. ದೀಪಾವಳಿಗೆ ಬಂದು ನಿಂತಿತು. ಅದೇ ವರ್ಷ ಆಟಿ ತಿಂಗಳ ಮಳೆಯಲ್ಲಿ ಅವನು ತೀರಿಕೊಂಡ. ಅರುವತ್ತು ಜನರಿಂದ ಬಲೆ ಎಳೆಸುತ್ತಿದ್ದವನನ್ನು ಎತ್ತಲು ಇಬ್ಬರು ಸಾಕಾದರು. ಗ್ರಾಮಲೆಕ್ಕಿಗರು ಪುಸ್ತಕ ತಂದು, "ಎಂತಾಗಿ ಹೋದದ್ದು ಅಮ್ಮ?" ಎಂದು ಕೇಳಿದರು. ಕಿರಿಯ ಮಗಳಿಗೆ ಪಡುಬಿದ್ರಿಯ ಸಂಬಂಧ ನೋಡುತ್ತಿದ್ದ ಸಮಯ. ನಮ್ಮಲ್ಲಿ ಮನೆತನ ಹೆಣ್ಣಿನಿಂದ ನಡೆಯುತ್ತದೆ. ಸೋದರಮಾವನ ರೋಗವನ್ನು ಸೋದರಸೊಸೆಯ ನೆತ್ತರಿನಲ್ಲಿ ಹುಡುಕುತ್ತಾರೆ. "ಜ್ವರ" ಎಂದೆ. ಅವರು ಬರೆದುಕೊಂಡರು. ನಿಮ್ಮ ಅಂಕಿಅಂಶ ಹುಟ್ಟಿದ್ದು ಹೀಗೆ. ಮೊನ್ನೆ ಅದೇ ಡಾಕ್ಟರು ನನ್ನಲ್ಲಿ ಹೇಳಿದರು, "ಅಮ್ಮ, ನಾವು ಎಲ್ಲಿಂದ ಶುರುಮಾಡುವುದು? ಪುಸ್ತಕದಲ್ಲಿ ನಿಮ್ಮೂರಿನವರೆಲ್ಲ ಜ್ವರದಲ್ಲೇ ಸತ್ತಿದ್ದಾರೆ." ಒಂದು ಸುಳ್ಳು ಹೇಳಿದ ನನಗೆ ಐದು ವರ್ಷದಿಂದ ಉಣ್ಣುವ ಅನ್ನ ರುಚಿಸುವುದಿಲ್ಲ. ಇಂಥ ಸುಳ್ಳುಗಳನ್ನು ಕೂಡಿಸಿ, ಶೂನ್ಯವೆಂದು ಮೊಹರು ಒತ್ತಿ, ಸಂಬಳ ಪಡೆದು ಮಧ್ಯಾಹ್ನ ನಿದ್ರಿಸುವ ನಿಮ್ಮ ಆರೋಗ್ಯವನ್ನು ಕಂಡು ಬೆರಗಾಗುತ್ತದೆ.

ಇಷ್ಟೇ ಆಗಿದ್ದರೆ ನಾನು ಬಾಯಿ ಮುಚ್ಚಿ ಸಾಯುತ್ತಿದ್ದೆ. ಆದರೆ ನನಗೆ ಇನ್ನೊಬ್ಬ ತಮ್ಮನಿದ್ದಾನೆ, ಬೂಬ. ನಲವತ್ತಾರು ವರ್ಷ. ಒಡಹುಟ್ಟಿದವರೆಲ್ಲ ತಪಾಸಣೆ ಮಾಡಿಸಿಕೊಳ್ಳಬೇಕೆಂದು ಡಾಕ್ಟರು ಹೇಳಿದ್ದಾರೆ. ನನ್ನ ಪೊಟ್ಟಣವನ್ನು ನಾನೇ ಮಣಿಪಾಲಕ್ಕೆ ಒಯ್ದೆ. ನೀಲಿಯಾಗಲಿಲ್ಲ. ಕಡಲು ಗಂಡಸರನ್ನೇ ಬಯಸುತ್ತದೆ. ಮಕರ ಸಂಕ್ರಮಣದ ನಂತರ ಬೂಬನ ಅಂಗಿಯ ಕಾಲರಿನಲ್ಲಿ ಎರಡು ಬೆರಳು ಹೋಗುವಷ್ಟು ಜಾಗವಾಗಿದೆ. ಹೊಟ್ಟೆ ಹಿಡಿಯುವ ರೀತಿ ಅಣ್ಣನದ್ದೇ. ಪರೀಕ್ಷೆಗೆ ಮೊದಲು ಮೂರು ದಿನ ಮೀನು, ಮಾಂಸ ಮುಟ್ಟಬಾರದೆಂದು ಹೇಳಿದರೆ ಅವನು ನಗುತ್ತಾನೆ.

"ಮೂರು ದಿನ ಮಟ್ಟುಗುಳ್ಳ ಬದನೆಯ ಸಾಂಬಾರು ಮಾತ್ರವಾ? ಹಾಗಾದರೆ ಪರೀಕ್ಷೆ ಯಾಕೆ ಅಕ್ಕ, ನಾನು ಸತ್ತ ಹಾಗೆಯೇ ಅಲ್ವಾ?"

"ಬೂಬ, ತಮಾಷೆ ಸಾಕು. ನಾನು ಬೇಡುವುದು."

"ನೀನು ಬೇಡುವುದಾ? ನೀನಲ್ವಾ ಅಣ್ಣನನ್ನು ಅಂಗಳದಲ್ಲಿ ನಿಲ್ಲಿಸಿದ್ದು?"

ಆಗ ಅವನು ನಿಮ್ಮ ಪತ್ರವನ್ನು ಮಂಡಲದ ಫೈಲಿನಿಂದ ತೆಗೆದು ನನ್ನೆದುರು ಹಿಡಿದ. "ನೋಡು, ದೊಡ್ಡ ಆಫೀಸರೇ ಬರೆದಿದ್ದಾರೆ. ಹೇಳಬಾರದ ಮಾತು, ಇಲ್ಲದ ರೋಗ. ಅವರು ಕಲಿತವರು. ಅವರು ಅವರ ಪೊಟ್ಟಣ ತಂದರೆ ನಾನೂ ತರುತ್ತೇನೆ." ಆ ಪತ್ರ ಈಗ ಅವನ ಅಂಗಿಯ ಜೇಬಿನಲ್ಲಿದೆ. ತಾಯಿತದ ಹಾಗೆ ಇಟ್ಟುಕೊಂಡಿದ್ದಾನೆ. ನಾನು ಅಂಗಳದಲ್ಲಿ ಕೂಗಿ ಒಬ್ಬನನ್ನು ಕೊಂದೆ. ನೀವು ಕೂಗುವ ಶ್ರಮವನ್ನೂ ಪಡದೆ, ಟೈಪು ಮಾಡಿಸಿ, ಸಹಿ ಹಾಕಿ, ಇನ್ನೊಬ್ಬನನ್ನು ಕೊಲ್ಲುತ್ತಿದ್ದೀರಿ. ನನಗೆ ಗೊತ್ತಿರಲಿಲ್ಲ ಎಂದು ನಾನು ಹೇಳಬಹುದು. ಇದನ್ನು ಓದಿದ ಮೇಲೆ ನೀವು ಹಾಗೆ ಹೇಳುವಂತಿಲ್ಲ.

ಆದ್ದರಿಂದ ನನ್ನ ಬೇಡಿಕೆ ಕೇಳಿ. ಏಪ್ರಿಲ್ ಎಂಟರಂದು ಬೆಳಿಗ್ಗೆ ಉಪಕೇಂದ್ರದ ಬೀಗ ತೆರೆದಿರಬೇಕು. ನರ್ಸೊಬ್ಬರನ್ನು ನೇಮಿಸಬೇಕು, ಅಂದಿಗೆ ಮಾತ್ರವಲ್ಲ. ಕರಪತ್ರವನ್ನು ಒಂದಕ್ಷರ ತಿದ್ದದೆ ಹಂಚಲು ಬಿಡಬೇಕು. ಮತ್ತು ನೀವು ಖುದ್ದಾಗಿ, ಮೂರು ದಿನ ಗುಳ್ಳದ ಸಾಂಬಾರು ಉಂಡು, ನಿಮ್ಮ ಬೆಂಕಿಪೊಟ್ಟಣವನ್ನು ಹಿಡಿದುಕೊಂಡು ಬಂದು, ಬೂಬನ ಕಣ್ಣೆದುರು ಮೊದಲನೆಯದಾಗಿ ಮೇಜಿನ ಮೇಲೆ ಇಡಬೇಕು. ಬಾರದಿದ್ದರೆ ಮರುದಿನ ಸೋಮವಾರ, ಹನ್ನೊಂದು ಗಂಟೆಗೆ, ನಾವು ನಲವತ್ತು ಹೆಂಗಸರು ಬುಟ್ಟಿ ಹೊತ್ತು ನಿಮ್ಮ ಕಚೇರಿಗೆ ಬರುತ್ತೇವೆ. ಆ ದಿನ ಬುಟ್ಟಿಯಲ್ಲಿ ಮೀನು ಇರುವುದಿಲ್ಲ. ಪ್ರತಿ ಪೊಟ್ಟಣದ ಮೇಲೂ ಹೆಸರು ಬರೆದಿರುತ್ತದೆ, ಗುಮಾಸ್ತರಿಗೆ ದಾಖಲೆ ಮಾಡಲು ಸುಲಭವಾಗಲಿ ಎಂದು.

ನೀವು ಬರುವುದಾದರೆ ಒಂದು ಮಾತು. ದಾರಿಯಲ್ಲಿ ತೊಂದರೆಯಾದರೆ ಸಂಕೋಚಪಡಬೇಡಿ, ನಮ್ಮ ಮನೆ ಹತ್ತಿರವೇ ಇದೆ. ಬಿಳಿ ಪಿಂಗಾಣಿಯದ್ದು. ಈಗ ಅದಕ್ಕೆ ಬೀಗವಿಲ್ಲ. ಎದ್ದ ಮೇಲೆ ಒಮ್ಮೆ ತಿರುಗಿ ನೋಡಿ.

ಇಂತಿ,
ಒಬ್ಬ ತಮ್ಮನನ್ನು ಮರ್ಯಾದೆಗೆ ಬಲಿಕೊಟ್ಟು, ಇನ್ನೊಬ್ಬನನ್ನು ನಿಮ್ಮ ಸಭ್ಯತೆಗೆ ಕೊಡಲೊಪ್ಪದ
ರತ್ನಾವತಿ ಮೆಂಡನ್
ಕಾಪು ಪಡು